ಮೇದೋಜೀರಕ ಗ್ರಂಥಿಯ ಕ್ಯಾನ್ಸರ್: ಟಿ ಕಣಗಳು ಎಷ್ಟಿವೆ, ಎಲ್ಲಿವೆ?

ಗಡ್ಡೆಯೊಳಗೆ ರೋಗನಿರೋಧಕ ಕಣಗಳು ಹೆಚ್ಚು ನುಗ್ಗಿದ್ದರೆ ರೋಗಿ ಹೆಚ್ಚು ಕಾಲ ಬದುಕುತ್ತಾನೆ ಎಂಬುದು ಮೆಲನೋಮಾ ಎಂಬ ಚರ್ಮದ ಕ್ಯಾನ್ಸರ್, ದೊಡ್ಡ ಕರುಳಿನ ಕ್ಯಾನ್ಸರ್‌ಗಳಲ್ಲಿ ಕಂಡುಕೊಂಡ ಮಾತು. ಮೇದೋಜೀರಕ ಗ್ರಂಥಿಯಲ್ಲೂ ಅದು ನಿಜವೆಂದು ಜಪಾನಿನ ಅಧ್ಯಯನವೊಂದು 2004ರಲ್ಲೇ ತೋರಿಸಿತ್ತು: ಟಿ ಕಣಗಳು ರೋಗನಿರೋಧಕ ಕಣಗಳ ಒಂದು ಬಗೆ; ಅವುಗಳಲ್ಲಿ ಉಳಿದ ಕಣಗಳಿಗೆ ನೆರವಾಗುವ ಸಿಡಿ4, ಕ್ಯಾನ್ಸರ್ ಕಣಗಳನ್ನು ನೇರವಾಗಿ ಕೊಲ್ಲುವ ಸಿಡಿ8 ಎರಡೂ ದಟ್ಟವಾಗಿದ್ದವರು ಶಸ್ತ್ರಚಿಕಿತ್ಸೆಯ ನಂತರ ಹೆಚ್ಚು ಕಾಲ ಉಳಿದಿದ್ದರು. ಹೀಗಿದ್ದರೂ ಟಿ ಕಣಗಳ ಮೇಲಿನ ತಡೆಯನ್ನು ಬಿಡಿಸುವ ಔಷಧಗಳು ಇಲ್ಲಿ ಸೋತವು. ಟಿ ಕಣಗಳನ್ನು ತಡೆಯುವ ಪಿಡಿ-ಎಲ್1 ಎಂಬ ಪ್ರೋಟೀನನ್ನು ಅಡ್ಡಗಟ್ಟುವ ಔಷಧದ ಪ್ರಯೋಗ 2012ರಲ್ಲಿ ಪ್ರಕಟವಾಯಿತು; ಅದರಲ್ಲಿ ಮೇದೋಜೀರಕ ಗ್ರಂಥಿಯ ಕ್ಯಾನ್ಸರ್‌ನ 14 ರೋಗಿಗಳಿದ್ದರು. ಒಬ್ಬರಲ್ಲೂ ಗಡ್ಡೆ ಗಣನೀಯವಾಗಿ ಕುಗ್ಗಲಿಲ್ಲ.

ಅನುಮಾನ ಕ್ಯಾನ್ಸರ್ ಕಣಗಳ ಸುತ್ತಲಿನ ನಾರಿನ ಅಂಗಾಂಶದತ್ತ ತಿರುಗಿತು. ಈ ಕ್ಯಾನ್ಸರ್‌ನಲ್ಲಿ ಗಡ್ಡೆಯ ಬಹುಪಾಲು ಅದೇ. ಔಷಧವನ್ನೂ ಟಿ ಕಣಗಳನ್ನೂ ಹೊರಗಿಡುವ ಕೋಟೆ ಅದೆಂದು ಎಲ್ಲರೂ ನಂಬಿದ ಕಾಲವದು. 2009ರಲ್ಲಿ ಕಣಗಳ ನಡುವಿನ ಹೆಡ್ಜ್‌ಹಾಗ್ ಎಂಬ ಸಂಕೇತ ಮಾರ್ಗವನ್ನು ತಡೆದು ಇಲಿಗಳಲ್ಲಿ ಆ ನಾರನ್ನು ಕರಗಿಸಿದಾಗ ಕೀಮೋ ಔಷಧ ಒಳಗೆ ತಲುಪಿತು, ಇಲಿಗಳು ಹೆಚ್ಚು ದಿನ ಬದುಕಿದವು. ಅದೇ ಭರವಸೆಯಲ್ಲಿ ಮನುಷ್ಯರ ಮೇಲೆ ಪ್ರಯೋಗ ಆರಂಭವಾಯಿತು. 2012ರ ಆರಂಭದಲ್ಲಿ ಅದನ್ನು ನಡುವೆಯೇ ನಿಲ್ಲಿಸಬೇಕಾಯಿತು, ಏಕೆಂದರೆ ಹೊಸ ಔಷಧ ಪಡೆದವರೇ ಬೇಗ ಸಾಯುತ್ತಿದ್ದರು. 2014ರಲ್ಲಿ ಎರಡು ಇಲಿ ಅಧ್ಯಯನಗಳು ಒಟ್ಟಿಗೇ ಹೊರಬಂದವು. ನಾರು ಕಡಿಮೆಯಾದರೆ ಕ್ಯಾನ್ಸರ್ ಇನ್ನಷ್ಟು ಉಗ್ರವಾಗುತ್ತದೆ ಎಂದು ಎರಡೂ ಹೇಳಿದವು. ದಾಳಿ ಮಾಡುವ ಟಿ ಕಣಗಳನ್ನು ಹತ್ತಿಕ್ಕುವ ಕಣಗಳೇ ಹೆಚ್ಚುತ್ತವೆ ಎಂದು ಒಂದು ತೋರಿಸಿತು. ಈ ತಿಳಿವಳಿಕೆ ರೋಗಿಗಳ ಮೇಲೆ ಪ್ರಯೋಗಿಸುವ ಮೊದಲೇ ಬರಬೇಕಿತ್ತು.

2017ರಲ್ಲಿ ಹ್ಯೂಸ್ಟನ್‌ನ ಸಂಶೋಧಕರು ಟಿ ಕಣಗಳ ಎಣಿಕೆಯ ಜೊತೆಗೆ ಕ್ಯಾನ್ಸರ್ ಕಣಗಳಿಂದ ಅವುಗಳ ಅಂತರವನ್ನೂ ಅಳೆದರು. ಸಿಡಿ8 ಕಣಗಳು ಕ್ಯಾನ್ಸರ್ ಕಣಗಳ ಹತ್ತಿರವಿದ್ದವರ ಆಯುಸ್ಸು ಹೆಚ್ಚಿತ್ತು. ನಾರಿನ ದಟ್ಟಣೆಗೂ ಆ ಅಂತರಕ್ಕೂ ಅಂತಹ ನಂಟು ಕಾಣಲಿಲ್ಲ. ಅದೇ ವರ್ಷ ನ್ಯೂಯಾರ್ಕ್‌ನ ತಂಡವೊಂದು, ದೀರ್ಘಕಾಲ ಬದುಕಿದವರ ಟಿ ಕಣಗಳು ಗಡ್ಡೆಯ ರೂಪಾಂತರಿತ ಪ್ರೋಟೀನ್‌ಗಳನ್ನು ಗುರುತಿಸುವುದನ್ನು ಕಂಡಿತು. ಅದರಿಂದ ಹುಟ್ಟಿದ್ದು, ಅಂತಹ ಪ್ರೋಟೀನ್‌ಗಳನ್ನು ಗುರುತಿಸಲು ಟಿ ಕಣಗಳಿಗೆ ಕಲಿಸಲು ಪ್ರತಿ ರೋಗಿಗೂ ಬೇರೆಯಾಗಿ ತಯಾರಿಸುವ ಎಂಆರ್‌ಎನ್‌ಎ ಲಸಿಕೆ. 2023ರ ವರದಿಯಲ್ಲಿ 16 ಮಂದಿಯ ಪೈಕಿ 8 ಮಂದಿಯಲ್ಲಿ ಹೊಸ ಟಿ ಕಣಗಳು ಎದ್ದಿದ್ದವು, ಅವರಲ್ಲಿ ರೋಗ ಮರುಕಳಿಸುವುದು ತಡವಾಯಿತು. ಸಣ್ಣ ಗುಂಪು, ಲಸಿಕೆಯ ಜೊತೆ ಕೀಮೋ ಮತ್ತು ಇನ್ನೊಂದು ಔಷಧವೂ ಇದ್ದವು. ಎಲ್ಲರೂ ಶಸ್ತ್ರಚಿಕಿತ್ಸೆಗೆ ಒಳಗಾಗಲು ಸಾಧ್ಯವಾದವರು. ರೋಗ ಪತ್ತೆಯಾಗುವ ಹೊತ್ತಿಗೆ ಆ ಅವಕಾಶ ಉಳಿದಿರುವುದು ಸುಮಾರು ಐವರಲ್ಲಿ ಒಬ್ಬರಿಗೆ ಮಾತ್ರ.