ಹಳೇ ಸಿನಿಮಾದ ಆ ಮೂರು ಕಣ್ಣಿನ ಕಾರು ಯಾವುದು?

ಪ್ರಶ್ನೆ: ಐವತ್ತರ ದಶಕದ ಒಂದು ಕಪ್ಪು-ಬಿಳುಪು ಸಿನಿಮಾದಲ್ಲಿ ವಿಚಿತ್ರವಾದ ಕಾರು ಕಂಡೆ. ಎರಡು ಹೆಡ್‌ಲೈಟುಗಳ ನಡುವೆ ಗುಂಡಗೆ ಇನ್ನೊಂದು ಲೈಟ್ ಇದ್ದ ಹಾಗಿತ್ತು. ಸಾಹುಕಾರರು ಇಳಿಯುವಾಗ ಡ್ರೈವರ್ ಹಿಂದಿನ ಬಾಗಿಲನ್ನು ಉಲ್ಟಾ ತೆಗೆದ. ಅದು ಅಮೆರಿಕದ ಟಕ್ಕರ್ ಅಂತ ನಮ್ಮಣ್ಣ ಹಟ ಹಿಡಿದಿದ್ದಾನೆ. ನಿಜವಾ?

ಉತ್ತರ: ನಿಮ್ಮಣ್ಣನಿಗೆ ಬೇಜಾರಾಗಬಹುದು, ಆದರೆ ಟಕ್ಕರ್ ಆಗಿರುವ ಸಾಧ್ಯತೆ ಇಲ್ಲವೆಂದೇ ಹೇಳಬೇಕು. ಟಕ್ಕರ್‌ಗೆ ಮಧ್ಯದಲ್ಲಿ ಮೂರನೇ ಹೆಡ್‌ಲೈಟ್ ಇದ್ದದ್ದು ನಿಜ, ಸ್ಟೀರಿಂಗ್ ತಿರುಗಿಸಿದರೆ ಅದೂ ತಿರುಗುತ್ತಿತ್ತು. ಆದರೆ 1948ರ ಆ ಕಾರು ಒಟ್ಟು ತಯಾರಾಗಿದ್ದೇ 51. ಅಷ್ಟರಲ್ಲಿ ಒಂದು ನಮ್ಮ ಸಿನಿಮಾದ ಸಾಹುಕಾರರ ಮನೆ ಮುಂದೆ ಬಂದು ನಿಲ್ಲುವುದು ಅಂದರೆ, ಸುಮ್ನೆ ಮಾತಲ್ಲ.

ಮೂರು ಕಣ್ಣಿನ ಹಾಗೆ ಕಾಣುವ ಕಾರುಗಳು ಆ ಕಾಲದಲ್ಲಿ ಇನ್ನೂ ಮೂರಿದ್ದವು. ಅಮೆರಿಕದ ಫೋರ್ಡ್, ಬ್ರಿಟನ್ನಿನ ರೋವರ್, ಅಮೆರಿಕದ್ದೇ ಆದ ಸ್ಟುಡಿಬೇಕರ್. ಸ್ಟೀರಿಂಗ್ ಬಲಗಡೆ ಇದೆ, ಹಾಗಾಗಿ ಬ್ರಿಟಿಷ್ ಕಾರೇ ಇರಬೇಕು ಅನ್ನುವ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಭಾರತಕ್ಕೆ ಬರುವ ಅಮೆರಿಕನ್ ಕಾರುಗಳಿಗೂ ಸಾಮಾನ್ಯವಾಗಿ ಬಲಗಡೆಯೇ ಸ್ಟೀರಿಂಗ್ ಇರುತ್ತಿತ್ತು. ನಂಬರ್ ಪ್ಲೇಟಿನಿಂದಲೂ ಜಾಸ್ತಿ ಉಪಯೋಗವಿಲ್ಲ. ಆಗ ಕನ್ನಡ ಸಿನಿಮಾಗಳು ಹೆಚ್ಚಾಗಿ ತಯಾರಾಗುತ್ತಿದ್ದದ್ದು ಮದ್ರಾಸಿನ ಸ್ಟುಡಿಯೋಗಳಲ್ಲಿ. ಕಥೆ ಮೈಸೂರಿನದಾದರೂ ಪ್ಲೇಟು ಮೈಸೂರಿನ ‘ಎಂವೈ’ ಬದಲು ಮದ್ರಾಸಿನ ‘ಎಂಎಸ್’ ಎಂದು ಶುರುವಾದರೆ ಆಶ್ಚರ್ಯವಿಲ್ಲ.

ನಿಮಗೆ ನಿಜವಾದ ಸುಳಿವು ಕೊಟ್ಟಿದ್ದು ಆ ಡ್ರೈವರ್. ಹಳೇ ಸಿನಿಮಾದ ಸಾಹುಕಾರರು ತಾವಾಗಿ ಬಾಗಿಲು ತೆಗೆದದ್ದು ನಾನಂತೂ ನೋಡಿದ್ದು ಕಡಿಮೆ. ಡ್ರೈವರ್ ಓಡಿ ಬರುತ್ತಾನೆ, ಬಾಗಿಲು ಪೂರ್ತಿ ತೆರೆದು ನಿಲ್ಲುತ್ತಾನೆ. ಅಲ್ಲೇ ನಿಲ್ಲಿಸಿ ನೋಡಬೇಕು. ಬಾಗಿಲ ಕೀಲು ಹಿಂದಿನ ಚಕ್ರದ ಕಡೆ ಇದ್ದು, ಹಿಡಿ ಕಾರಿನ ಮಧ್ಯಕ್ಕೆ ಇದ್ದರೆ ಫೋರ್ಡ್ ಅನ್ನು ಪಟ್ಟಿಯಿಂದ ತೆಗೆದುಹಾಕಿ. 1949ರ ಹೊಸ ಫೋರ್ಡ್‌ನಲ್ಲಿ ಹಿಂದಿನ ಬಾಗಿಲು ಈಗಿನ ಕಾರುಗಳ ಹಾಗೇ ತೆರೆಯುತ್ತಿತ್ತು. ಅದರ ಮೂತಿಯಲ್ಲೂ ಒಂದು ಗುಂಡು ಇತ್ತು, ಆದರೆ ಅಗಲವಾದ ಗ್ರಿಲ್ (ಗಾಳಿ ಹೋಗುವ ಮುಂದಿನ ಜಾಲರಿ) ಒಳಗೆ, ಅಡ್ಡಪಟ್ಟಿಯ ನಡುವೆ, ಬಂಪರಿಗೆ ಹತ್ತಿರ. 1951ರಲ್ಲಿ ಒಂದಿದ್ದದ್ದು ಎರಡಾಯಿತು.

ಉಳಿದದ್ದು ರೋವರ್ ಮತ್ತು ಸ್ಟುಡಿಬೇಕರ್. ಇವೆರಡರ ಗೊಂದಲಕ್ಕೆ ಒಳ್ಳೇ ಕಾರಣವೇ ಇದೆ. ಯುದ್ಧ ಮುಗಿದ ಮೇಲೆ ಹೊಸ ಕಾರು ಮಾಡಲು ಹೊರಟ ರೋವರ್‌ನವರು ಸ್ಟುಡಿಬೇಕರ್ ಕಾರುಗಳನ್ನೇ ತರಿಸಿ, ಅದರ ಬಾಡಿಯನ್ನು ತಮ್ಮ ಚಾಸಿ (ಕಾರಿನ ಅಡಿಯ ಚೌಕಟ್ಟು) ಮೇಲೆ ಕೂರಿಸಿ ನೋಡಿದ್ದರು. ಒಳಗಿನವರು ಅದನ್ನು ‘ರೋವರ್‌ಬೇಕರ್’ ಅನ್ನುತ್ತಿದ್ದರು! 1949ರಲ್ಲಿ ಬಂದ ರೋವರ್ 75ರಲ್ಲಿ ಆ ಛಾಯೆ ಕಾಣುತ್ತದೆ, ಹಿಂದಿನ ಬಾಗಿಲೂ ಉಲ್ಟಾನೇ.

ವ್ಯತ್ಯಾಸ ಇರುವುದು ಆ ಮಧ್ಯದ ಕಣ್ಣಿನಲ್ಲಿ. ರೋವರ್‌ನದು ನಿಜವಾದ ದೀಪ, ಮಂಜಿಗೆ ಹಾಕುವ ಫಾಗ್ ಲ್ಯಾಂಪ್. ಗ್ರಿಲ್‌ನ ಅಡ್ಡಪಟ್ಟಿಗಳ ನಡುವೆ ಕೂತಿರುತ್ತದೆ, ಗಾಜು ಇರುತ್ತದೆ. ಸ್ಟುಡಿಬೇಕರ್‌ನದು ದೀಪವೇ ಅಲ್ಲ. ನಾನೂ ಮೊದಲ ಸಲ ನೋಡಿದಾಗ ಲೈಟ್ ಅಂತಲೇ ಅಂದುಕೊಂಡಿದ್ದೆ. ಅದು ಬರೀ ಲೋಹದ ಮೂತಿ, ಬುಲೆಟ್ ಆಕಾರದ್ದು. ಬಾನೆಟ್ಟಿನ ತುದಿಯಿಂದಲೇ ಮುಂದಕ್ಕೆ ಚಾಚಿಕೊಂಡಿರುತ್ತದೆ, ಸುತ್ತ ಒಂದು ಬಳೆ. ಗಾಳಿ ಹೋಗುವ ಗ್ರಿಲ್‌ಗಳು ಚಿಕ್ಕವು, ಮೂತಿಯ ಎಡಕ್ಕೊಂದು ಬಲಕ್ಕೊಂದು, ಕೆಳಗೆ. ಬಿಸಿಲಲ್ಲಿ ಆ ಮೂತಿ ಥಳಥಳ ಹೊಳೆಯುವುದರಿಂದ ಕಪ್ಪು-ಬಿಳುಪಿನಲ್ಲಿ ಥೇಟ್ ದೀಪದ ಹಾಗೇ ಕಾಣುತ್ತದೆ.

ವಿಮಾನದ ಮೂತಿಯ ಹಾಗೆ ಇರಬೇಕು ಅಂತಲೇ ಹಾಗೆ ಮಾಡಿದ್ದು. ಅಮೆರಿಕದ ಹೆಸರಾಂತ ವಿನ್ಯಾಸಕಾರ ರೇಮಂಡ್ ಲೋವಿಯ ತಂಡದಲ್ಲಿದ್ದ ಬಾಬ್ ಬರ್ಕ್ ಅದರ ವಿನ್ಯಾಸಕಾರ. ಸ್ಟುಡಿಬೇಕರ್ ಅಂದರೆ 1852ರಲ್ಲಿ ಅಮೆರಿಕದ ಇಂಡಿಯಾನಾ ರಾಜ್ಯದ ಸೌತ್ ಬೆಂಡ್‌ನಲ್ಲಿ ಕುದುರೆಗಾಡಿ ವ್ಯಾಪಾರದಿಂದ ಶುರುವಾದ ಕಂಪನಿ, ಯುದ್ಧದಲ್ಲಿ ವಿಮಾನದ ಇಂಜಿನ್ನನ್ನೂ ಮಾಡಿತ್ತು. ಈ ಮೂತಿ ಬಂದದ್ದು 1950 ಮತ್ತು 1951ರ ಮಾಡೆಲ್‌ಗಳಲ್ಲಿ ಮಾತ್ರ. 1952ಕ್ಕೆ ಅದನ್ನು ತೆಗೆದು ಅಗಲ ಗ್ರಿಲ್ ಹಾಕಿಬಿಟ್ಟರು. ಕಾರು ಪತ್ತೆ ಮಾಡುವವರಿಗೆ ಇದಕ್ಕಿಂತ ಖುಷಿ ಬೇಕಾ? ಮೂತಿ ಕಂಡರೆ ಎರಡೇ ವರ್ಷಕ್ಕೆ ಬಂದು ನಿಲ್ಲುತ್ತೀರಿ.

ಒಂದು ಎಚ್ಚರಿಕೆ. ಕಾರು ಘಾಟಿಯಿಂದ ಉರುಳುವ ದೃಶ್ಯವನ್ನು ನೋಡಿ ತೀರ್ಮಾನ ಮಾಡಬೇಡಿ. ಒಳ್ಳೇ ಕಾರನ್ನು ಯಾರೂ ಕಂದಕಕ್ಕೆ ತಳ್ಳುವುದಿಲ್ಲ, ಅಲ್ವಾ? ಆ ಶಾಟ್‌ಗೆ ಅದೇ ಬಣ್ಣದ ಯಾವುದೋ ಗುಜರಿ ಕಾರು ತಂದಿರುವುದುಂಟು.

ಈಗ ನೀವು ಮಾಡಬೇಕಾದ್ದು ಇಷ್ಟೇ. ಅದೇ ಕಾರು ರಾತ್ರಿ ಬರುವ ದೃಶ್ಯ ಇದೆಯಾ ಹುಡುಕಿ. ಮಧ್ಯದ ಕಣ್ಣು ಒಂದು ಸಲವಾದರೂ ಉರಿದರೆ ರೋವರ್. ಉಳಿದೆರಡು ಹೊತ್ತಿ, ಮಧ್ಯದ್ದು ಕತ್ತಲಾಗಿಯೇ ಇದ್ದರೆ ಗ್ರಿಲ್ ಕಡೆ ಇನ್ನೊಮ್ಮೆ ನೋಡಿ. ಎರಡು ಚಿಕ್ಕ ಗ್ರಿಲ್, ನಡುವೆ ಚೂಪು ಮೂತಿ ಕಂಡರೆ ಸ್ಟುಡಿಬೇಕರ್ ಅಂತ ನಿಮ್ಮಣ್ಣನಿಗೆ ಹೇಳಿ.