ಐದು ವಾಕ್ಯದ ಪತ್ರ, 608 ಉಲ್ಲೇಖ

ಸಂಶೋಧನಾ ಲೇಖನ ತೆರೆದರೆ ಸಾಲುಗಳ ಕೊನೆಯಲ್ಲಿ ಪುಟ್ಟ ಪುಟ್ಟ ಅಂಕಿಗಳು ಕಾಣುತ್ತವೆ. ಓದುವಾಗ ಕಣ್ಣು ಅವನ್ನು ಸುಮ್ನೆ ದಾಟಿಬಿಡುತ್ತದೆ. ಆದರೆ ಒಂದೊಂದು ಅಂಕಿಯೂ ಒಂದು ವಿಳಾಸ. ‘ಈ ಮಾತು ನನಗೆ ಇಲ್ಲಿ ಸಿಕ್ಕಿತು, ಬೇಕಾದರೆ ನೀವೂ ಹೋಗಿ ನೋಡಿ’ ಅಂತ ಬರೆದವರು ಹೇಳುತ್ತಿರುತ್ತಾರೆ. ಬೇರೆಯವರ ದುಡಿಮೆಗೆ ಅವರ ಹೆಸರು ಸಲ್ಲುವುದೂ ಇದರಿಂದಲೇ, ನಿಜ. ಆದರೆ ಹೋಗಿ ನೋಡಲು ದಾರಿ ಬಿಡುವುದು ಅದಕ್ಕಿಂತ ದೊಡ್ಡ ಕೆಲಸ ಅಂತ ನನಗನ್ನಿಸುತ್ತದೆ.

ಆ ದಾರಿಯಲ್ಲಿ ಯಾರೂ ನಡೆಯದಿದ್ದರೆ ಏನಾಗುತ್ತದೆ?

1980ರ ಜನವರಿಯಲ್ಲಿ ಅಮೆರಿಕದ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ ಪತ್ರಿಕೆಯಲ್ಲಿ ಸಂಪಾದಕರಿಗೆ ಬರೆದ ಒಂದು ಪತ್ರ ಅಚ್ಚಾಯಿತು. ಬರೆದವರು ಜೇನ್ ಪೋರ್ಟರ್ ಮತ್ತು ಹರ್ಷೆಲ್ ಜಿಕ್. ಒಟ್ಟು ಐದೇ ವಾಕ್ಯ. ಆಸ್ಪತ್ರೆಗೆ ದಾಖಲಾಗಿದ್ದ 11,882 ರೋಗಿಗಳಿಗೆ ಅಫೀಮಿನ ಜಾತಿಯ, ನೋವು ತಗ್ಗಿಸುವ ಔಷಧ ಕೊಡಲಾಗಿತ್ತು. ಮೊದಲಿಂದ ಚಟ ಇಲ್ಲದವರಲ್ಲಿ, ಚಟ ಹತ್ತಿದ್ದಕ್ಕೆ ತಕ್ಕಮಟ್ಟಿಗೆ ದಾಖಲೆ ಇದ್ದದ್ದು ನಾಲ್ಕೇ ಜನರ ವಿಷಯದಲ್ಲಿ. ಪತ್ರದ ಸಾರ ಇಷ್ಟೇ. ಎಷ್ಟು ದಿನ ಔಷಧ ಕೊಟ್ಟರು, ಮನೆಗೆ ಹೋದಮೇಲೆ ಆ ರೋಗಿಗಳು ಏನಾದರು, ಒಂದೂ ಅದರಲ್ಲಿಲ್ಲ.

ಪತ್ರ ಸುಳ್ಳು ಹೇಳಿರಲಿಲ್ಲ. ಎಡವಟ್ಟಾಗಿದ್ದು ಆಮೇಲೆ. ಒಬ್ಬರು ಬರೆದದ್ದನ್ನು ನೋಡಿ ಇನ್ನೊಬ್ಬರು ಬರೆಯುತ್ತಾ ಹೋದಂತೆ ‘ಆಸ್ಪತ್ರೆ’ ಅನ್ನುವ ಪದವೇ ಬಿದ್ದುಹೋಯಿತು. ‘ಈ ಮಾತ್ರೆಗಳಿಂದ ಚಟ ಹತ್ತುವುದು ಅಪರೂಪ’ ಅನ್ನುವುದಷ್ಟೇ ಉಳಿಯಿತು. ತಿಂಗಳುಗಟ್ಟಲೆ ಮನೆಯಲ್ಲೇ ಮಾತ್ರೆ ನುಂಗುವವರಿಗೂ ಅದೇ ಭರವಸೆ ಸಿಕ್ಕಿತು. ಮುಂದೆ ಅಮೆರಿಕದಲ್ಲಿ ಇಂಥ ಮಾತ್ರೆಗಳ ಚಟ ಎಷ್ಟು ಜೀವ ತೆಗೆಯಿತು ಅನ್ನುವುದು ನಮಗೆಲ್ಲ ಗೊತ್ತು. ಅದಕ್ಕೆ ಈ ಪತ್ರವೊಂದೇ ಕಾರಣವಲ್ಲ. ಆದರೆ ಭಯ ಕಳೆಯಲು ಅದನ್ನು ಮತ್ತೆ ಮತ್ತೆ ತೋರಿಸಿದ್ದು ಹೌದು.

2017ರಲ್ಲಿ ಕೆನಡಾದ ಸಂಶೋಧಕರು ಲೆಕ್ಕ ಹಾಕಿದರು. ಪತ್ರವನ್ನು 608 ಕಡೆ ಉಲ್ಲೇಖಿಸಲಾಗಿತ್ತು. ಚಟ ಅಪರೂಪ ಅನ್ನುವುದಕ್ಕೆ ಅದನ್ನೇ ಆಧಾರವಾಗಿ ಕೊಟ್ಟವು 439. ರೋಗಿಗಳು ಆಸ್ಪತ್ರೆಯಲ್ಲಿದ್ದವರು ಅನ್ನುವುದನ್ನೇ ಹೇಳದವು 491. ಐದು ವಾಕ್ಯ ಓದಲು ಒಂದು ನಿಮಿಷವೂ ಬೇಡ, ಅಲ್ವಾ? ಈ ಅಂಕಿಗಳನ್ನು ನೋಡಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಇನ್ನೊಂದು ಮಾತೂ ಇದೆ. ತಪ್ಪು ಸಿಕ್ಕಿಬಿದ್ದದ್ದೂ ಉಲ್ಲೇಖಗಳಿಂದಲೇ. ಎಲ್ಲರೂ ‘ಅಧ್ಯಯನಗಳು ಹೇಳುತ್ತವೆ’ ಅಂತ ಬರೆದು ಸುಮ್ಮನಾಗಿದ್ದರೆ, ಈ ಮಾತು ಎಲ್ಲಿಂದ ಹೊರಟಿತು ಅಂತ ಹುಡುಕಲು ಸುಳಿವೇ ಇರುತ್ತಿರಲಿಲ್ಲ. ಅಮೆರಿಕದ ಮಾಹಿತಿ ವಿಜ್ಞಾನಿ ಯೂಜೀನ್ ಗಾರ್ಫೀಲ್ಡ್ 1955ರಲ್ಲೇ ಇದನ್ನು ಯೋಚಿಸಿದ್ದರು. ಯಾವ ಲೇಖನವನ್ನು ಆಮೇಲೆ ಯಾರ್ಯಾರು ಉಲ್ಲೇಖಿಸಿದರು ಅನ್ನುವ ಸೂಚಿ ಇದ್ದರೆ, ಅರೆಬರೆ ಮಾಹಿತಿಯನ್ನು ಯೋಚಿಸದೆ ಎತ್ತಿ ಬಳಸುವುದು ತಪ್ಪುತ್ತದೆ ಅನ್ನುವುದು ಅವರ ಆಸೆ. ಅಂಥ ಸೂಚಿ 1964ರಲ್ಲಿ ಬಂತು.

ಈಗ ಆ ಪತ್ರದ ಜೊತೆಗೆ ಸಂಪಾದಕರ ಒಂದು ಟಿಪ್ಪಣಿ ಇದೆ: ಇದನ್ನು ವಿಪರೀತವಾಗಿ, ಪರಿಶೀಲಿಸದೆ ಉಲ್ಲೇಖಿಸಲಾಗಿದೆ, ಓದುಗರಿಗೆ ತಿಳಿದಿರಲಿ ಅಂತ. ಆ ಟಿಪ್ಪಣಿ ಬರಲು 37 ವರ್ಷ ಬೇಕಾಯಿತು.