ತಾಯಿಯ ಒತ್ತಡ ಮತ್ತು ಥೆರಪಿ: ಒಂದು ಅಧ್ಯಯನ ಟಿಪ್ಪಣಿ

ರಾತ್ರಿ ನಾಲ್ಕು ಸಲ ಎದ್ದು ಅಳುವ ಮಗು, ಅಮ್ಮ ಥೆರಪಿಗೆ ಹೋದ ಮಾತ್ರಕ್ಕೆ ಸುಮ್ಮನೆ ಮಲಗಿಬಿಡುವುದಿಲ್ಲ. ಮನೆಕೆಲಸವೂ ಕಡಿಮೆಯಾಗುವುದಿಲ್ಲ. ಹಾಗಿದ್ದ ಮೇಲೆ ವಾರಕ್ಕೊಮ್ಮೆ ಮುಕ್ಕಾಲು ಗಂಟೆ ಕೂತು ಮಾತಾಡಿದರೆ ಒತ್ತಡ ಹೇಗೆ ಇಳಿಯುತ್ತದೆ? ಈ ಪಾಠ ಓದುವಾಗ ನನ್ನನ್ನು ಕಾಡಿದ ಪ್ರಶ್ನೆ ಇದು. ಇದಕ್ಕೆ ಉತ್ತರ ಸಿಕ್ಕ ಮೇಲೆ ಬೇರೆ ಬೇರೆ ಥೆರಪಿಗಳ ಹೆಸರು ನೆನಪಿಟ್ಟುಕೊಳ್ಳುವುದೂ ಸುಲಭವಾಯಿತು. ಅದಕ್ಕೇ ಅಲ್ಲಿಂದಲೇ ಶುರು ಮಾಡುತ್ತೇನೆ.

ಒತ್ತಡ ಎಲ್ಲಿ ಹುಟ್ಟುತ್ತದೆ?

ಮನಶ್ಶಾಸ್ತ್ರಜ್ಞರಾದ ರಿಚರ್ಡ್ ಲಾಜರಸ್ ಮತ್ತು ಸೂಸನ್ ಫೋಕ್‌ಮನ್ 1984ರಲ್ಲಿ ವಿವರಿಸಿದ ಮಾದರಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಿ. ಅವರ ಪ್ರಕಾರ ನಡೆದ ಘಟನೆಯೊಂದೇ ಒತ್ತಡ ತರುವುದಿಲ್ಲ. ಮನಸ್ಸು ಎರಡು ಲೆಕ್ಕ ಹಾಕುತ್ತದೆ. ಮೊದಲನೆಯದು, ‘ಇದರಿಂದ ನನಗೇನು ತೊಂದರೆ?’ ಎರಡನೆಯದು, ‘ಇದನ್ನು ನಿಭಾಯಿಸಲು ನನ್ನ ಹತ್ತಿರ ಏನಿದೆ?’ ತೊಂದರೆ ದೊಡ್ಡದು, ಕೈಯಲ್ಲಿರುವ ಬಲ ಚಿಕ್ಕದು ಅನ್ನಿಸಿದಾಗ ಒತ್ತಡ ಹುಟ್ಟುತ್ತದೆ.

ಮಗು ತಟ್ಟೆ ಎಸೆಯಿತು ಅಂದುಕೊಳ್ಳಿ. ಚೆನ್ನಾಗಿ ನಿದ್ದೆಯಾದ ದಿನ ಅಮ್ಮ ಅದನ್ನು ಎತ್ತಿಟ್ಟು ಸುಮ್ಮನಾಗುತ್ತಾಳೆ. ಮೂರು ರಾತ್ರಿ ನಿದ್ದೆಗೆಟ್ಟ ಮೇಲೆ ಅದೇ ತಟ್ಟೆ ಬಿದ್ದರೆ ಕಣ್ಣಲ್ಲಿ ನೀರು ಬರುತ್ತದೆ. ‘ನನ್ನ ಮಗುವಿಗೇ ನಾನು ಬೇಡವಾದೆ’ ಅನ್ನಿಸುತ್ತದೆ. ತಟ್ಟೆ ಅದೇ, ಮಗು ಅದೇ. ಬದಲಾದದ್ದು ಆ ಎರಡು ಲೆಕ್ಕಗಳು.

ಹಾಗಾಗಿ ಥೆರಪಿ ಮೂರು ಕಡೆಯಿಂದ ಒಳಗೆ ಬರಬಹುದು: ಹೊರೆಯ ಕಡೆಯಿಂದ, ಹೊರೆಗೆ ಮನಸ್ಸು ಕೊಡುವ ಅರ್ಥದ ಕಡೆಯಿಂದ, ಅದನ್ನು ಹೊರುವ ಬಲದ ಕಡೆಯಿಂದ. ಯಾವ ಥೆರಪಿಯ ಬಗ್ಗೆ ಓದಿದರೂ ಅದು ಇವುಗಳಲ್ಲಿ ಯಾವುದನ್ನು ಮುಟ್ಟುತ್ತಿದೆ ಅಂತ ಕೇಳಿಕೊಳ್ಳಿ.

ಅಳೆಯುವ ವಿಷಯಕ್ಕೆ ಬಂದರೆ, ತಂದೆ-ತಾಯಿಯ ಒತ್ತಡ ಅಳೆಯುವ ಪ್ರಶ್ನಾವಳಿ, ರಿಚರ್ಡ್ ಅಬಿಡಿನ್ ಅವರ ‘ಪೇರೆಂಟಿಂಗ್ ಸ್ಟ್ರೆಸ್ ಇಂಡೆಕ್ಸ್’ ಗೊತ್ತಿರಬೇಕು. ಅದರ ಚಿಕ್ಕ ಆವೃತ್ತಿಯಲ್ಲಿ 36 ಪ್ರಶ್ನೆಗಳಿವೆ. ತಾಯಿ ಅಥವಾ ತಂದೆಯ ಸಂಕಟ, ಮಗುವಿನ ಜೊತೆಗಿನ ಒಡನಾಟದ ತೊಡಕು, ಮಗುವಿನ ಕಷ್ಟದ ಸ್ವಭಾವ ಎಂದು ಮೂರು ಭಾಗಗಳಿವೆ. ಒಟ್ಟು ಅಂಕಕ್ಕಿಂತ ಯಾವ ಭಾಗದಲ್ಲಿ ಅಂಕ ಜಾಸ್ತಿ ಅನ್ನುವುದೇ ನನಗೆ ಮುಖ್ಯ ಅನ್ನಿಸುತ್ತದೆ. ಥೆರಪಿ ಎಲ್ಲಿಂದ ಶುರುವಾಗಬೇಕು ಅನ್ನುವುದಕ್ಕೆ ಸುಳಿವು ಸಿಗುವುದು ಅಲ್ಲಿ.

ಯೋಚನೆಯ ಜೊತೆ ಕೆಲಸ

ಕಾಗ್ನಿಟಿವ್ ಬಿಹೇವಿಯರ್ ಥೆರಪಿಯ ಬೇರು 1960ರ ದಶಕದಲ್ಲಿ ಮನೋವೈದ್ಯ ಆರನ್ ಬೆಕ್ ಮಾಡಿದ ಕೆಲಸದಲ್ಲಿದೆ. ಇದನ್ನು ನಾವು ‘ಸಿಬಿಟಿ’ ಅನ್ನುತ್ತೇವೆ. ಇಲ್ಲಿ ಕೆಲಸ ನಡೆಯುವುದು ಅರ್ಥದ ಮೇಲೆ. ಮಗು ಊಟ ಬಿಟ್ಟಿತು ಅನ್ನುವುದು ಘಟನೆ. ‘ನಾನು ಕೆಟ್ಟ ತಾಯಿ’ ಅನ್ನುವುದು ತೀರ್ಪು. ಇವೆರಡರ ನಡುವಿನ ಜಿಗಿತ ಎಷ್ಟು ಬೇಗ ಆಗುತ್ತದೆ ಅಂದರೆ, ಅಲ್ಲೊಂದು ಜಿಗಿತ ಇದೆ ಅಂತಲೇ ತಾಯಿಗೆ ತಿಳಿಯುವುದಿಲ್ಲ. ಥೆರಪಿಸ್ಟ್ ಅದನ್ನು ನಿಧಾನ ಮಾಡಿಸುತ್ತಾರೆ. ಏನಾಯಿತು, ಆಗ ಮನಸ್ಸಿಗೆ ಏನು ಬಂತು, ಆ ಯೋಚನೆ ಎಷ್ಟು ನಿಜ ಅನ್ನಿಸಿತು ಅಂತ ಬರೆಯಲು ಹೇಳುತ್ತಾರೆ. ಆಮೇಲೆ ಕೇಳುತ್ತಾರೆ: ‘ನಿಮ್ಮ ತಂಗಿಯ ಮಗು ಊಟ ಬಿಟ್ಟಿದ್ದರೆ ಅವಳಿಗೆ ಏನು ಹೇಳುತ್ತಿದ್ದಿರಿ?’

ಇಲ್ಲೊಂದು ತಪ್ಪು ತಿಳಿವಳಿಕೆ ಬಹಳ ಜನರಲ್ಲಿದೆ. ಸಿಬಿಟಿ ಅಂದರೆ ‘ಒಳ್ಳೆಯದನ್ನೇ ಯೋಚಿಸಿ’ ಅಂತ ಹೇಳಿಕೊಡುವುದಲ್ಲ. ‘ಅಯ್ಯೋ ಬಿಡಿ, ನೀವು ಒಳ್ಳೆಯ ಅಮ್ಮನೇ’ ಅಂದರೆ ಅದು ಸಮಾಧಾನದ ಮಾತು. ಸಂಜೆಯವರೆಗೂ ಉಳಿಯುವುದಿಲ್ಲ. ಅದೇ ತಾಯಿ ತಾನೇ ಸಾಕ್ಷಿ ಹುಡುಕಿ, ‘ಇವತ್ತು ನಾನು ಕಿರುಚಿದೆ. ಆದರೆ ಅದೇ ಮಗು ರಾತ್ರಿ ನನ್ನನ್ನೇ ಹುಡುಕಿಕೊಂಡು ಬಂತು’ ಅಂತ ಎರಡನ್ನೂ ಒಟ್ಟಿಗೆ ಹಿಡಿಯಲು ಕಲಿತರೆ ಅದು ನಿಲ್ಲುತ್ತದೆ.

ಬ್ರಿಟನ್ನಿನ ಮಕ್ಕಳ ವೈದ್ಯ ಡೊನಾಲ್ಡ್ ವಿನಿಕಾಟ್ 1953ರಲ್ಲಿ ಬರೆದ ಮಾತು ಇಲ್ಲಿ ಬಹಳ ಸಹಾಯಕ್ಕೆ ಬರುತ್ತದೆ. ‘ಸಾಕಷ್ಟು ಒಳ್ಳೆಯ ತಾಯಿ’ ಮೊದಮೊದಲು ಮಗು ಕೇಳಿದ್ದಕ್ಕೆಲ್ಲ ಹೊಂದಿಕೊಳ್ಳುತ್ತಾಳೆ. ಮಗು ಬೆಳೆದಂತೆ, ಅದಕ್ಕೆ ತಡೆದುಕೊಳ್ಳುವ ಶಕ್ತಿ ಬಂದಂತೆ, ಸ್ವಲ್ಪ ಸ್ವಲ್ಪವೇ ಬಿಡುತ್ತಾಳೆ. ಆ ಸಣ್ಣ ಸಣ್ಣ ಕೊರತೆಗಳಿಂದಲೇ ಮಗು ಹೊರಗಿನ ಪ್ರಪಂಚವನ್ನು ಕಲಿಯುತ್ತದೆ. ಅಂದರೆ ಎಲ್ಲವನ್ನೂ ತಪ್ಪಿಲ್ಲದೆ ಮಾಡುವ ತಾಯಿ ಮಗುವಿಗೆ ಬೇಕಾಗಿಯೇ ಇಲ್ಲ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತಿದ್ದೆ. ಎಷ್ಟು ತಾಯಂದಿರಿಗೆ ಇದನ್ನು ಯಾರೂ ಹೇಳಿಯೇ ಇಲ್ಲ, ಅಲ್ವಾ?

ಸಂಬಂಧಗಳ ಜೊತೆ ಕೆಲಸ

ಯೋಚನೆ ಸರಿಯಾಗಿಯೇ ಇರಬಹುದು. ನಿಜವಾಗಿಯೂ ಯಾರೂ ಕೈ ಜೋಡಿಸುತ್ತಿಲ್ಲದೆ ಇರಬಹುದು. ಆಗ ಇಂಟರ್‌ಪರ್ಸನಲ್ ಥೆರಪಿ ಹೆಚ್ಚು ಹೊಂದುತ್ತದೆ. ಜೆರಾಲ್ಡ್ ಕ್ಲೆರ್ಮನ್ ಮತ್ತು ಮಿರ್ನಾ ವೈಸ್‌ಮನ್ ಇದನ್ನು ರೂಪಿಸಿದರು. ಸಾಮಾನ್ಯವಾಗಿ 12ರಿಂದ 16 ಭೇಟಿ. ಇದು ನೋಡುವ ವಿಷಯಗಳಲ್ಲಿ ತಾಯಂದಿರಿಗೆ ಹತ್ತಿರದವು ಎರಡು. ಒಂದು, ಪಾತ್ರದ ಬದಲಾವಣೆ. ತಾಯಿಯಾದವಳು ತನ್ನ ಹಳೆಯ ದಿನಚರಿ, ಕೆಲಸ, ಗೆಳತನ ಕಳೆದುಕೊಂಡಿರುತ್ತಾಳೆ. ಮಗು ಬಂದ ಸಂತೋಷದ ನಡುವೆ ಆ ದುಃಖಕ್ಕೆ ಜಾಗವೇ ಸಿಗುವುದಿಲ್ಲ. ಅದನ್ನು ಬಾಯಿಬಿಟ್ಟು ಹೇಳಿಕೊಳ್ಳಲು ಇಲ್ಲಿ ಅವಕಾಶವಿದೆ. ಎರಡು, ಯಾರ ಪಾಲು ಎಷ್ಟು ಅನ್ನುವ ಜಗಳ. ‘ನೀವು ಏನೂ ಮಾಡಲ್ಲ’ ಅಂದರೆ ಗಂಡ ಜಗಳಕ್ಕೆ ನಿಲ್ಲುತ್ತಾನೆ. ‘ರಾತ್ರಿ ಎರಡು ಗಂಟೆಗೆ ಮಗು ಎದ್ದರೆ ಇನ್ನು ಮೇಲೆ ನೀವು ಎತ್ತಿಕೊಳ್ಳಿ’ ಅಂದರೆ ಅದು ನೇರವಾದ ಬೇಡಿಕೆ. ಇಂಥ ಮಾತನ್ನು ಥೆರಪಿಸ್ಟ್ ಎದುರು ಮೊದಲೇ ಆಡಿ ನೋಡುತ್ತಾರೆ. ಹೊರೆ ನಿಜವಾಗಿ ಇಳಿಯುವುದು ಇಲ್ಲಿ.

ಮಗುವಿನ ಹಟವೇ ಒತ್ತಡದ ಮೂಲವಾಗಿದ್ದರೆ ಶೀಲಾ ಐಬರ್ಗ್ ಅವರ ಪೇರೆಂಟ್–ಚೈಲ್ಡ್ ಇಂಟರ್‌ಆಕ್ಷನ್ ಥೆರಪಿ ಇದೆ. 2ರಿಂದ 7 ವರ್ಷದ ಮಕ್ಕಳಿಗೆ ಇದು. ತಾಯಿ ಮಗುವಿನ ಜೊತೆ ಆಡುತ್ತಾಳೆ. ಥೆರಪಿಸ್ಟ್ ಗಾಜಿನ ಆಚೆಯಿಂದ ನೋಡುತ್ತಾ ಅವಳ ಕಿವಿಯಲ್ಲಿರುವ ಪುಟ್ಟ ಸಾಧನದ ಮೂಲಕ ಆಗಿಂದಾಗ್ಗೆ ಹೇಳಿಕೊಡುತ್ತಾರೆ. ಮೊದಲ ಹಂತ ಬಾಂಧವ್ಯದ್ದು, ಎರಡನೆಯದು ಶಿಸ್ತಿನದು.

ಥೆರಪಿಸ್ಟ್ ಸಿಗದ ಕಡೆ ಏನು? ಇದಕ್ಕೆ ಆತಿಫ್ ರೆಹಮಾನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಅಧ್ಯಯನ ನೋಡಿ. ಪಾಕಿಸ್ತಾನದ ರಾವಲ್ಪಿಂಡಿಯ ಹಳ್ಳಿಗಳಲ್ಲಿ ಖಿನ್ನತೆಯಿದ್ದ ಗರ್ಭಿಣಿಯರ ಮನೆಗೆ ಆರೋಗ್ಯ ಕಾರ್ಯಕರ್ತೆಯರೇ ಹೋಗಿ, ಸಿಬಿಟಿ ಆಧಾರದ 16 ಭೇಟಿಗಳನ್ನು ನಡೆಸಿದರು. ಮಗುವಿಗೆ 6 ತಿಂಗಳಾದಾಗ ಆ ಗುಂಪಿನಲ್ಲಿ ಶೇ 23 ತಾಯಂದಿರಲ್ಲಿ ಖಿನ್ನತೆ ಉಳಿದಿತ್ತು. ಈ ಥೆರಪಿ ಸಿಗದ ಗುಂಪಿನಲ್ಲಿ ಅದು ಶೇ 53. ಮುಂದೆ 2015ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇದನ್ನೇ ಕೈಪಿಡಿಯಾಗಿ ಹೊರತಂದಿತು.

ಥೆರಪಿ ಸಾಲದ ಕಡೆ

ಇದನ್ನು ಒತ್ತಿ ಹೇಳಬೇಕು. ಮನೆಯಲ್ಲಿ ಹೊಡೆತ ಬೀಳುತ್ತಿದ್ದರೆ ‘ನಿಮ್ಮ ಯೋಚನೆ ಬದಲಿಸಿಕೊಳ್ಳಿ’ ಅನ್ನುವುದು ತಪ್ಪು. ಅಲ್ಲಿ ಮೊದಲು ಬೇಕಾದದ್ದು ಸುರಕ್ಷತೆ. ಹಣವಿಲ್ಲದೆ ಬಂದ ಒತ್ತಡವೂ, ನಿದ್ದೆಯಿಲ್ಲದೆ ಬಂದ ಒತ್ತಡವೂ ಬರೀ ಮಾತಿನಿಂದ ಹೋಗುವುದಿಲ್ಲ.

ದಣಿವು ಮತ್ತು ಖಿನ್ನತೆಯ ವ್ಯತ್ಯಾಸವೂ ಗೊತ್ತಿರಲಿ. ಬೆಲ್ಜಿಯಂನ ಸಂಶೋಧಕರಾದ ಇಸಾಬೆಲ್ ರೋಸ್ಕಾಮ್ ಮತ್ತು ಮೊಯ್ರಾ ಮಿಕೊಲಾಯ್ಚಾಕ್ ‘ಪೇರೆಂಟಲ್ ಬರ್ನೌಟ್’, ಅಂದರೆ ಮಕ್ಕಳ ಪಾಲನೆಯಿಂದ ಬರುವ ತೀವ್ರ ದಣಿವಿನ ಬಗ್ಗೆ ತುಂಬಾ ಕೆಲಸ ಮಾಡಿದ್ದಾರೆ. ಮಕ್ಕಳ ವಿಷಯದಲ್ಲಿ ಪೂರ್ತಿ ಬತ್ತಿಹೋದ ದಣಿವು, ಮಾನಸಿಕವಾಗಿ ಮಗುವಿನಿಂದ ದೂರವಾಗುವುದು, ‘ಮೊದಲು ನಾನು ಹೀಗಿರಲಿಲ್ಲ’ ಅನ್ನುವ ನೋವು ಅದರ ಲಕ್ಷಣಗಳು. ಅಂಥ ತಾಯಿ ಆಫೀಸಿನಲ್ಲಿ ಗೆಲುವಾಗಿಯೇ ಇರಬಹುದು. ಖಿನ್ನತೆಯಲ್ಲಿ ಹಾಗಲ್ಲ, ಅದು ಬದುಕಿನ ಎಲ್ಲ ಕಡೆಗೂ ಹರಡುತ್ತದೆ.

ಹೆರಿಗೆಯ ನಂತರ ಮೊದಲ ಎರಡು ವಾರ ತಾಯಿಗೆ ಬರುವ ಅಳು ಸಾಮಾನ್ಯವಾಗಿ ತಾನಾಗಿ ಹೋಗುತ್ತದೆ. ಅದಕ್ಕಿಂತ ಮುಂದುವರಿದರೆ ಪರೀಕ್ಷೆ ಬೇಕು. ಹೆರಿಗೆಯ ನಂತರದ ಖಿನ್ನತೆಯನ್ನು ಗುರುತಿಸಲು ಬಳಸುವ 1987ರ ಎಡಿನ್‌ಬರೋ ಪ್ರಶ್ನಾವಳಿಯಲ್ಲಿ 10 ಪ್ರಶ್ನೆಗಳಿವೆ. ಕಳೆದ 7 ದಿನಗಳ ಬಗ್ಗೆ ಕೇಳುತ್ತದೆ, ಗರಿಷ್ಠ ಅಂಕ 30. ಇದು ರೋಗ ಪತ್ತೆಯ ಮೊದಲ ಜರಡಿ ಮಾತ್ರ. ಹತ್ತನೆಯ ಪ್ರಶ್ನೆ ತನಗೇ ಹಾನಿ ಮಾಡಿಕೊಳ್ಳುವ ಯೋಚನೆಯ ಬಗ್ಗೆ. ಒಟ್ಟು ಅಂಕ ಕಡಿಮೆಯಿದ್ದರೂ ಆ ಉತ್ತರವನ್ನು ಬೇರೆಯಾಗಿ ನೋಡಲೇಬೇಕು.

ಕೊನೆಯದಾಗಿ, ತುಂಬಾ ಸೂಕ್ಷ್ಮವಾದ ಒಂದು ವಿಷಯ. ‘ಮಗುವನ್ನು ಕೈಯಿಂದ ಬೀಳಿಸಿಬಿಟ್ಟರೆ’ ಅನ್ನುವಂಥ ಬೇಡದ ಯೋಚನೆ ಎಷ್ಟೋ ಹೊಸ ತಾಯಂದಿರಿಗೆ ಬರುತ್ತದೆ. ಅದು ಬಂತಲ್ಲ ಅಂತ ಅವರೇ ನಡುಗಿಹೋಗುತ್ತಾರೆ, ನಾಚಿಕೆಯಿಂದ ಯಾರಿಗೂ ಹೇಳುವುದಿಲ್ಲ. ಆ ಭಯವೇ ಇದನ್ನು ವಾಸ್ತವದ ಅರಿವೇ ತಪ್ಪುವ ತೀವ್ರ ಮಾನಸಿಕ ಕಾಯಿಲೆಯಾದ ಸೈಕೋಸಿಸ್‌ನಿಂದ ಬೇರೆ ಮಾಡುವ ಮುಖ್ಯ ಗುರುತು. ಸೈಕೋಸಿಸ್‌ನಲ್ಲಿ ಇಲ್ಲದ ದನಿ ಕೇಳಿಸಬಹುದು, ನಿಜವಲ್ಲದ್ದನ್ನು ಗಟ್ಟಿಯಾಗಿ ನಂಬಬಹುದು, ಗೊಂದಲ ಇರಬಹುದು, ನಿದ್ದೆಯೇ ಬೇಡ ಅನ್ನಿಸಬಹುದು. ಅಲ್ಲಿ ಮುಂದಿನ ವಾರದ ಭೇಟಿಗೆ ಕಾಯುವಂತಿಲ್ಲ. ತಾಯಿಯನ್ನು ಒಂಟಿಯಾಗಿ ಬಿಡದೆ, ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಬೇಕು.